ಬಲಗಡೆಯ ಪುಟ

ಅಣ್ಣ ನನ್ನ ಜೊತೆ ಮಾತು ಬಿಟ್ಟು ಈ ತಿಂಗಳಿಗೆ ಆರು ವರ್ಷ. ಇದಕ್ಕೂ ಯಾರಾದರೂ ಥ್ಯಾಂಕ್ಸ್ ಹೇಳ್ತಾರಾ ಅಂತ ನಿಮಗೆ ಅನಿಸಬಹುದು. ಈ ಆರು ವರ್ಷ ನನ್ನ ಮನಸ್ಸು ಪೂರ್ತಿ ಕಹಿಯಾಗದ ಹಾಗೆ ನೋಡಿಕೊಂಡವರಿದ್ದಾರೆ. ಅವರಿಗೆ ಹೇಳಬೇಕು.

ಜಗಳದ ವಿಷಯ ಇಲ್ಲಿ ಬೇಡ. ಅರ್ಧ ತಪ್ಪು ನನ್ನದೂ ಇತ್ತು. ಎರಡು ಸಲ ಕ್ಷಮೆ ಕೇಳಿದೆ. ಆಮೇಲೆ ಪ್ರತಿ ಭಾನುವಾರ ಆರಾಧನೆ ಮುಗಿಸಿ ಬಂದು ಒಂದು ಮೆಸೇಜ್ ಹಾಕುವುದು ರೂಢಿಯಾಯಿತು. ‘ಅಣ್ಣಾ, ಹೇಗಿದ್ದೀಯಾ?’ ಅಷ್ಟೇ. ನೀಲಿ ಟಿಕ್ ಬೀಳುತ್ತದೆ. ಉತ್ತರ ಬರುವುದಿಲ್ಲ. ಬ್ಲಾಕ್ ಅಂತೂ ಮಾಡಿಲ್ಲ.

ಆಗ ನನ್ನ ಹತ್ತಿರ ಒಂದು ಡೈರಿ ಇತ್ತು. ಹೆಸರಿಗೆ ಪ್ರಾರ್ಥನೆಯ ಡೈರಿ, ತೆರೆದು ನೋಡಿದರೆ ಪಕ್ಕಾ ಸಾಲದ ಪುಸ್ತಕ. ಎಡಗಡೆಯ ಪುಟದಲ್ಲಿ ನಾನು ಮಾಡಿದ್ದು: ಹುಟ್ಟುಹಬ್ಬದ ಕಾರ್ಡ್, ಅತ್ತಿಗೆಗೆ ಆಪರೇಷನ್ ಆದಾಗ ಮಾಡಿದ ಫೋನು. ಬಲಗಡೆಯಲ್ಲಿ ಅವನು ಮಾಡದೇ ಇದ್ದದ್ದು. ಯಾವ ಪುಟ ಬೇಗ ತುಂಬುತ್ತಿತ್ತು ಅಂತ ಬೇರೆ ಹೇಳಬೇಕಾ?

ಮೊದಲ ಥ್ಯಾಂಕ್ಸ್ ನಮ್ಮ ಪ್ರಾರ್ಥನಾ ಗುಂಪಿನ ಹಿರಿಯ ಆಂಟಿಗೆ. ಒಂದು ಸಂಜೆ ನಾನು ಅಣ್ಣನಿಗಾಗಿ ಜೋರಾಗಿ, ಅಳುತ್ತಾ ಪ್ರಾರ್ಥನೆ ಮಾಡಿದೆ. ಎಲ್ಲರೂ ಆಮೆನ್ ಅಂದರು. ಹೊರಡುವಾಗ ಬಾಗಿಲ ಹತ್ತಿರ ಅವರು ಮೆಲ್ಲಗೆ ಕೇಳಿದರು: ‘ಮಗಾ, ಅವನಿಗೋಸ್ಕರ ಪ್ರಾರ್ಥನೆ ಮಾಡಿದ್ಯಾ, ಇಲ್ಲ ದೇವರ ಹತ್ರ ಚಾಡಿ ಹೇಳಿದ್ಯಾ?’ ಎರಡು ವಾರ ಅವರ ಮುಖ ನೋಡಲಿಲ್ಲ. ಮೂರನೇ ವಾರ ನಾನೇ ಹೋಗಿ ಪಕ್ಕದಲ್ಲಿ ಕೂತೆ.

ಆಮೇಲೆ ನಮ್ಮ ಪಾಸ್ಟರ್‌ಗೆ. ಹೋದ ತಕ್ಷಣ ಬೈಬಲ್ ವಾಕ್ಯ ತೆಗೆಯದೆ, ತಿಂಗಳುಗಟ್ಟಲೆ ಸುಮ್ನೆ ಕೇಳಿಸಿಕೊಂಡಿದ್ದಕ್ಕೇ ಜಾಸ್ತಿ ಥ್ಯಾಂಕ್ಸ್. ಕೊನೆಗೆ ತೆಗೆದಿದ್ದು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 13ನೇ ಅಧ್ಯಾಯ, ಪ್ರೀತಿಯ ಬಗ್ಗೆ ಇರುವುದು. ಮದುವೆಗಳಲ್ಲಿ ಕೇಳಿ ಕೇಳಿ ನನಗೆ ಅದು ಮದುವೆಯ ಪಾಠವೇ ಆಗಿಬಿಟ್ಟಿತ್ತು. ಆದರೆ ಆ ಪತ್ರ ಬರೆದ ಪೌಲ ಅದನ್ನು ಬರೆದಿದ್ದು ಮದುವೆ ಗಂಡು ಹೆಣ್ಣಿಗಲ್ಲ. ಪಂಗಡ ಕಟ್ಟಿಕೊಂಡು ಕಿತ್ತಾಡುತ್ತಿದ್ದ, ಒಬ್ಬರ ಮೇಲೊಬ್ಬರು ನ್ಯಾಯಾಲಯಕ್ಕೂ ಹೋಗಿದ್ದ ಒಂದು ಕ್ರೈಸ್ತ ಸಭೆಗೆ. ಪ್ರೀತಿ ಅಪಕಾರವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದಿಲ್ಲ ಅಂತ 5ನೇ ವಚನದಲ್ಲಿದೆಯಲ್ಲ, ಅಲ್ಲಿನ ಗ್ರೀಕ್ ಪದ ಲೆಕ್ಕ ಬರೆಯುವವರೂ ಬಳಸುತ್ತಿದ್ದ ಪದ ಅಂತ ಅವರು ಹೇಳಿದರು. ಡೈರಿಯ ಬಲಗಡೆಯ ಪುಟ ಕಣ್ಣಮುಂದೆ ಬಂತು.

ಆದರೂ ಒಂದು ಪ್ರಶ್ನೆ ಚುಚ್ಚುತ್ತಲೇ ಇತ್ತು. ಲೆಕ್ಕ ಇಡಬಾರದು, ಸರಿ. ನೋವೂ ಆಗಬಾರದಾ? ಲೂಕನ ಸುವಾರ್ತೆಯ 17ನೇ ಅಧ್ಯಾಯ ನನಗೆ ಇಲ್ಲಿ ಕೈ ಹಿಡಿಯಿತು. ಹತ್ತು ಜನ ಕುಷ್ಠರೋಗಿಗಳಿಗೆ ವಾಸಿಯಾಯಿತು. ತಿರುಗಿ ಬಂದು ಕೃತಜ್ಞತೆ ಹೇಳಿದವನು ಒಬ್ಬನೇ, ಅವನೂ ಸಮಾರ್ಯದವನು, ಯೆಹೂದ್ಯರು ಹೊರಗಿನವನು ಅಂತ ನೋಡುತ್ತಿದ್ದ ಜನದವನು. ಉಳಿದ ಒಂಬತ್ತು ಜನ ಎಲ್ಲಿ ಅಂತ ಯೇಸು ಕೇಳಿದನು. ಆ ಒಂದು ಪ್ರಶ್ನೆ ನನಗೆ ಎಷ್ಟು ಸಮಾಧಾನ ಕೊಟ್ಟಿತು ಗೊತ್ತಾ! ಯಾರು ಬರಲಿಲ್ಲ ಅನ್ನುವುದು ಆತನಿಗೂ ಗಮನಕ್ಕೆ ಬಂತು. ಕೇಳಿಯೂ ಕೇಳಿದನು. ಆದರೆ ಆ ಒಂಬತ್ತು ಜನರ ಮೈಮೇಲೆ ರೋಗ ಮತ್ತೆ ಕಾಣಿಸಿಕೊಂಡಿತು ಅಂತ ಲೂಕ ಎಲ್ಲೂ ಬರೆದಿಲ್ಲ.

ನನ್ನ ಗಂಡನಿಗೆ ಬೇರೆಯದೇ ಥ್ಯಾಂಕ್ಸ್. ಒಂದು ದಿನ ಅಣ್ಣನ ಮನೆ ಬಾಗಿಲಿಗೇ ಹೋಗಿ ನಿಲ್ಲುತ್ತೇನೆ ಅಂತ ಬ್ಯಾಗ್ ತುಂಬಿದ್ದೆ. ಇವರು ಮಾರ್ಕನ ಸುವಾರ್ತೆಯ 10ನೇ ಅಧ್ಯಾಯದ ಆ ಶ್ರೀಮಂತನನ್ನು ನೆನಪಿಸಿದರು. ಯೇಸು ಅವನನ್ನು ನೋಡಿ ಪ್ರೀತಿಸಿದನು ಅಂತಲೇ ಅಲ್ಲಿದೆ. ಇರುವುದನ್ನೆಲ್ಲ ಮಾರಿ ಬಡವರಿಗೆ ಕೊಟ್ಟು ಬಾ ಅಂದಾಗ ಅವನು ಮುಖ ಸಪ್ಪಗೆ ಮಾಡಿಕೊಂಡು ಹೊರಟುಹೋದ. ಯೇಸು ಅವನ ಹಿಂದೆ ಓಡಿ ಹೋಗಲಿಲ್ಲ. ‘ಬರಬೇಡ ಅಂದವನ ಬಾಗಿಲು ಬಡಿಯೋದು ಪ್ರೀತಿಯಲ್ಲ ಕಣೇ, ಹಠ’ ಅಂದರು. ಸಿಟ್ಟು ಬಂತು. ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಮತ್ತೆ ಬೀರುವಿನಲ್ಲಿಟ್ಟೆ.

ಇನ್ನೊಂದು ಮಾತು. ಹೊಡೆತ ತಿನ್ನುತ್ತಿರುವ ಯಾರಿಗಾದರೂ ನನ್ನ ಕಥೆ ತೋರಿಸಿ ‘ನೀನೂ ಸಹಿಸಿಕೋ’ ಅಂತ ದಯವಿಟ್ಟು ಹೇಳಬೇಡಿ. ನನ್ನದು ಬರೀ ಮೌನ. ಕೈ ಮಾಡುವವರಿಂದ ಮೊದಲು ದೂರ ಹೋಗಬೇಕು. ಕ್ಷಮಿಸುವುದನ್ನು ದೂರದಲ್ಲಿದ್ದೂ ಮಾಡಬಹುದು.

‘ಇನ್ನೂ ಮೆಸೇಜ್ ಹಾಕ್ತಿದ್ದೀಯಾ?’ ಅಂತ ನಕ್ಕವರಿಗೂ ಥ್ಯಾಂಕ್ಸ್. ಸ್ವಲ್ಪ ಕಡಿಮೆ.

ಡೈರಿ ಹರಿದು ಹಾಕಿದೆ ಅಂದರೆ ಕೇಳೋಕೆ ಚೆನ್ನಾಗಿರುತ್ತಿತ್ತು. ಹರಿದಿಲ್ಲ, ಇದೆ. ಬಲಗಡೆ ದೂರು ಬರೆಯುವುದು ನಿಲ್ಲಿಸಿ ಹನ್ನೊಂದು ತಿಂಗಳಾಯಿತು. ಆ ಜಾಗದಲ್ಲಿ ಮೊನ್ನೆ ಬರೆದಿದ್ದು, ಅವನು ನನಗೆ ಸೈಕಲ್ ಕಲಿಸಿದ ದಿನದ ಬಗ್ಗೆ. ನಾನು ಬಿದ್ದು ಮೊಣಕಾಲು ಕೆತ್ತಿಹೋಗಿತ್ತು. ತಾನೇ ಬೀಳಿಸಿದೆ ಅಂತ ಅಮ್ಮನಿಗೆ ಸುಳ್ಳು ಹೇಳಿ ನನ್ನ ಬದಲು ಬೈಸಿಕೊಂಡಿದ್ದ.

ಅಣ್ಣಾ, ಇದನ್ನು ನೀನು ಓದುತ್ತೀಯೋ ಇಲ್ವೋ. ಉತ್ತರ ಬೇಕಾಗಿಲ್ಲ ಅಂದರೆ ಸುಳ್ಳಾಗುತ್ತದೆ. ಬೇಕು. ಬರದಿದ್ದರೂ ಮುಂದಿನ ಭಾನುವಾರ ಮತ್ತೆ ಕೇಳುತ್ತೇನೆ. ನೀಲಿ ಟಿಕ್ ಬಿದ್ದರೆ, ಚೆನ್ನಾಗಿದ್ದೀಯಾ ಅಂದುಕೊಳ್ಳುತ್ತೇನೆ.