ಕ್ಯಾಲೆಂಡರ್ ಎಪಿಐ: ಏಜೆಂಟ್‌ಗೆ ಕೊಡುವ ವಿವರಣೆ ಅರೆಬರೆಯಾಗದಿರಲಿ

ಮಾನ್ಯ ಸಂಪಾದಕರೇ,

ಸಭೆ ಗೊತ್ತುಪಡಿಸುವುದು, ಮುಂದೂಡುವುದು, ರದ್ದು ಮಾಡುವುದು ಮುಂತಾದ ಕೆಲಸಗಳನ್ನು ಈಗ, ನಮ್ಮ ಪರವಾಗಿ ತಾವೇ ಕೆಲಸ ಮಾಡಿ ಮುಗಿಸುವ ಎಐ ಏಜೆಂಟ್‌ಗಳಿಗೆ ಒಪ್ಪಿಸಲಾಗುತ್ತಿದೆ. ಏನಾದರೂ ಎಡವಟ್ಟಾದರೆ ದೂರೆಲ್ಲ ಎಐ ಮೇಲೆ ಬೀಳುತ್ತದೆ. ತಂತ್ರಾಂಶಗಳಿಗೆ ಕೈಪಿಡಿ ಬರೆಯುವ ವೃತ್ತಿಯಲ್ಲಿರುವ ನನ್ನ ಅಭಿಪ್ರಾಯದಲ್ಲಿ, ಇಂಥ ಎಡವಟ್ಟುಗಳಲ್ಲಿ ಹಲವಕ್ಕೆ ಮೂಲ ಕಾರಣ ಏಜೆಂಟ್‌ನ ಕೈಗೆ ಕೊಟ್ಟ ಕ್ಯಾಲೆಂಡರ್ ಎಪಿಐಯ (ಒಂದು ತಂತ್ರಾಂಶ ಇನ್ನೊಂದರಿಂದ ಕೆಲಸ ಮಾಡಿಸಿಕೊಳ್ಳುವ ವ್ಯವಸ್ಥೆಯ) ಅರೆಬರೆ ವಿವರಣೆ.

ಎಪಿಐ ದಾಖಲೆಗಳನ್ನು ಈವರೆಗೆ ಓದುತ್ತಿದ್ದವರು ಪ್ರೋಗ್ರಾಮರ್‌ಗಳು. ಸಂಶಯ ಬಂದರೆ ಅವರು ಸಹೋದ್ಯೋಗಿಗಳನ್ನು ಕೇಳುತ್ತಿದ್ದರು ಅಥವಾ ಪರೀಕ್ಷಾ ಖಾತೆಯಲ್ಲಿ ಒಮ್ಮೆ ಓಡಿಸಿ ನೋಡುತ್ತಿದ್ದರು. ಏಜೆಂಟ್‌ನ ಮುಂದೆ ಸಾಮಾನ್ಯವಾಗಿ ಇರುವುದು ಟೂಲ್‌ನ (ಎಪಿಐ ಮೂಲಕ ಅದು ಮಾಡಬಹುದಾದ ಒಂದೊಂದು ಕೆಲಸದ) ಹೆಸರು, ನಾಲ್ಕಾರು ಸಾಲಿನ ವಿವರಣೆ ಮತ್ತು ಯಾವ ಮಾಹಿತಿ ಯಾವ ರೂಪದಲ್ಲಿ ಬೇಕೆಂದು ತಿಳಿಸುವ ಜೇಸನ್ ಸ್ಕೀಮಾ, ಇಷ್ಟೇ. ಅಲ್ಲಿ ಬಿಟ್ಟುಹೋದದ್ದನ್ನು ಅದು ಊಹಿಸಿ ತುಂಬಿಕೊಳ್ಳುತ್ತದೆ, ಆ ಊಹೆ ಯಾರದೋ ನಿಜವಾದ ಕ್ಯಾಲೆಂಡರ್ ಮೇಲೆ ನೇರವಾಗಿ ಜಾರಿಯಾಗುತ್ತದೆ.

ಇಡೀ ದಿನದ ಕಾರ್ಯಕ್ರಮವನ್ನೇ ನೋಡಿ. 2009ರಲ್ಲಿ ಹೊರಬಂದ ಕ್ಯಾಲೆಂಡರ್ ಮಾಹಿತಿ ವಿನಿಮಯದ ಐಕ್ಯಾಲೆಂಡರ್ ಮಾನದಂಡವಾದ ಆರ್‌ಎಫ್‌ಸಿ 5545ರ ಪ್ರಕಾರ, ಅಂತ್ಯದ ದಿನಾಂಕ ಕಾರ್ಯಕ್ರಮದ ಒಳಗೆ ಸೇರುವುದಿಲ್ಲ. 10ರಿಂದ 12ರವರೆಗೆ ರಜೆ ಎಂದು ದಾಖಲಿಸಬೇಕಾದರೆ ಅಂತ್ಯದ ಜಾಗದಲ್ಲಿ 13 ಎಂದು ಬರೆಯಬೇಕು. ವಿವರಣೆಯಲ್ಲಿ ಬರೀ ‘ಅಂತ್ಯದ ದಿನಾಂಕ’ ಎಂದಿದ್ದರೆ ಏಜೆಂಟ್ 12 ಎಂದು ತುಂಬುವ ಸಂಭವವೇ ಹೆಚ್ಚು. ಕೋರಿಕೆ ನಿಯಮಬದ್ಧವಾಗಿಯೇ ಇರುವುದರಿಂದ ಯಾವ ದೋಷಸೂಚನೆಯೂ ಬರುವುದಿಲ್ಲ. ರಜೆಯ ಕೊನೆಯ ದಿನ ಬಿಡುವಾಗಿದೆಯೆಂದು ಕಂಡು, ಇನ್ನೊಬ್ಬರು ಆ ದಿನಕ್ಕೇ ಸಭೆ ಇಡುತ್ತಾರೆ.

ಕಾಲವಲಯದ ವಿಷಯದಲ್ಲೂ ಹೀಗೆಯೇ. ಲಂಡನ್ ಸಮಯ ಚಳಿಗಾಲದಲ್ಲಿ ಯುಟಿಸಿಗೆ (ಜಾಗತಿಕ ಪ್ರಮಾಣ ಸಮಯಕ್ಕೆ) ಸಮ, ಬೇಸಿಗೆಯಲ್ಲಿ 1 ಗಂಟೆ ಮುಂದೆ. ಅಲ್ಲಿ ಪ್ರತಿ ವಾರ ಬೆಳಿಗ್ಗೆ 9ಕ್ಕೆ ನಡೆಯುವ ಸಭೆಯನ್ನು ಚಳಿಗಾಲದ ಅಂತರದ ಲೆಕ್ಕದಲ್ಲಷ್ಟೇ ದಾಖಲಿಸಿದರೆ, ಗಡಿಯಾರ ಬದಲಾದ ವಾರದಿಂದ ಅದು ಅಲ್ಲಿನವರಿಗೆ 10ಕ್ಕೆ ಕಾಣಿಸಿಕೊಳ್ಳುತ್ತದೆ. ಐಎಎನ್‌ಎ ಎಂಬ ಸಂಸ್ಥೆಯ ಕಾಲವಲಯಗಳ ಪಟ್ಟಿಯಲ್ಲಿರುವ ‘ಯುರೋಪ್/ಲಂಡನ್’ ಎಂಬ ವಲಯದ ಹೆಸರನ್ನೇ ಕೊಡಬೇಕೆಂದು ವಿವರಣೆ ಸ್ಪಷ್ಟವಾಗಿ ಹೇಳಿದರೆ ಈ ತೊಂದರೆ ತಪ್ಪುತ್ತದೆ.

ಎಲ್ಲಕ್ಕಿಂತ ನನ್ನನ್ನು ಕಳವಳಗೊಳಿಸುವುದು ಅಳಿಸುವ ಟೂಲ್‌. ಗೂಗಲ್ ಕ್ಯಾಲೆಂಡರ್ ಎಪಿಐಯಲ್ಲಿ ಮರುಕಳಿಸುವ ಸಭೆಗಳ ಸರಣಿಗೆ ಒಂದು ಐಡಿ, ಅದರೊಳಗಿನ ಒಂದೊಂದು ಸಭೆಗೆ ಬೇರೆಯೇ ಐಡಿ ಇರುತ್ತದೆ. ‘ಈ ಸೋಮವಾರದ ಸಭೆ ಬೇಡ’ ಎಂದು ಬಳಕೆದಾರರು ಹೇಳಿದಾಗ ಏಜೆಂಟ್ ಸರಣಿಯ ಐಡಿ ಹಿಡಿದು ಅಳಿಸಿದರೆ ವರ್ಷದ ಸಭೆಗಳೆಲ್ಲ ಒಟ್ಟಿಗೆ ಹೋಗುತ್ತವೆ. ಆಹ್ವಾನಿತರಿಗೆ ರದ್ದತಿಯ ಇಮೇಲ್ ಹೊರಟಿದ್ದರೆ ಅದನ್ನು ಹಿಂದಕ್ಕೆ ಕರೆಸಿಕೊಳ್ಳುವ ದಾರಿಯೂ ಇಲ್ಲ. ‘ಕಾರ್ಯಕ್ರಮವನ್ನು ಅಳಿಸುತ್ತದೆ’ ಎಂಬ ಒಂದೇ ಸಾಲಿನ ವಿವರಣೆ ಇಲ್ಲಿ ಏನೇನೂ ಸಾಲದು. ಯಾವ ಐಡಿ ಕೊಟ್ಟರೆ ಎಷ್ಟು ಅಳಿಯುತ್ತದೆ, ಯಾರಿಗೆ ಸೂಚನೆ ಹೋಗುತ್ತದೆ, ಯಾವ ಸಂದರ್ಭದಲ್ಲಿ ಮೊದಲು ಬಳಕೆದಾರರನ್ನು ಕೇಳಲೇಬೇಕು ಎಂಬುದು ಅಲ್ಲಿಯೇ ಇರಬೇಕು. 2024ರ ನವೆಂಬರ್‌ನಲ್ಲಿ ಪ್ರಕಟವಾದ, ಎಐಗೆ ಹೊರಗಿನ ಟೂಲ್‌ಗಳನ್ನು ಜೋಡಿಸುವ ಮಾನದಂಡವಾದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್‌ಗೆ ಆಮೇಲೆ, ಒಂದು ಟೂಲ್ ಬರೀ ಓದುವಂಥದೋ ಅಳಿಸುವಂಥದೋ ಎಂದು ಗುರುತಿಸುವ ಸೌಲಭ್ಯವನ್ನೂ ಸೇರಿಸಲಾಗಿದೆ. ಅದು ಸ್ವಾಗತಾರ್ಹ, ಆದರೆ ಅದೊಂದು ಸುಳಿವು ಮಾತ್ರ, ವಿವರಣೆಗೆ ಬದಲಿಯಲ್ಲ.

ದೋಷಸಂದೇಶವೂ ದಾಖಲೆಯ ಭಾಗವೇ ಎಂಬುದನ್ನು ಹಲವರು ಮರೆಯುತ್ತಾರೆ. ‘400’ ಎಂಬ ದೋಷಸಂಖ್ಯೆಯನ್ನಷ್ಟೇ ಹಿಂದಿರುಗಿಸುವುದಕ್ಕಿಂತ ‘ಆರಂಭದ ಸಮಯಕ್ಕೆ ವಲಯ ನಮೂದಿಸಿಲ್ಲ’ ಎಂದರೆ ಏಜೆಂಟ್ ತಾನೇ ತಿದ್ದಿಕೊಳ್ಳಬಲ್ಲದು. ಜೊತೆಗೆ, ಆಹ್ವಾನದ ಒಳಗಿನ ಬರಹ ಅಪರಿಚಿತರದ್ದೂ ಆಗಿರಬಹುದು, ಅದನ್ನು ಮಾಹಿತಿಯೆಂದು ಓದಬೇಕೇ ಹೊರತು ಆಜ್ಞೆಯೆಂದು ಪಾಲಿಸಬಾರದು ಎಂಬ ಎಚ್ಚರಿಕೆಯೂ ವಿವರಣೆಯಲ್ಲಿ ಇರಲಿ, ಅಷ್ಟರಿಂದಲೇ ಅಪಾಯ ಪೂರ್ತಿ ತಪ್ಪದಿದ್ದರೂ.

ಇಂಥ ಟೂಲ್‌ಗಳನ್ನು ಹೊರತರುವ ಸಂಸ್ಥೆಗಳು ವಿವರಣೆಯ ಪ್ರತಿ ಬದಲಾವಣೆಯನ್ನೂ ಕೋಡ್‌ನ ಬದಲಾವಣೆಯಷ್ಟೇ ಕಟ್ಟುನಿಟ್ಟಾಗಿ ಪರೀಕ್ಷಿಸಬೇಕು. ಏಜೆಂಟ್‌ಗಳ ತಪ್ಪುಗಳ ಬಗ್ಗೆ ವರದಿ ಮಾಡುವಾಗ, ಅವುಗಳಿಗೆ ಕೊಟ್ಟಿದ್ದ ವಿವರಣೆಯಲ್ಲಿ ಏನಿತ್ತು ಎಂದು ನಿಮ್ಮ ವರದಿಗಾರರೂ ವಿಚಾರಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ತಾಂತ್ರಿಕ ಬರಹಗಾರ್ತಿ