ನೂರು ಪ್ರದರ್ಶನ: ಸೈಡ್ ವಿಂಗಿನವರಿಗೆ ನಮ್ಮ ನಮಸ್ಕಾರ

ನಮ್ಮ ನಾಟಕಕ್ಕೆ ನೂರು ಪ್ರದರ್ಶನ ತುಂಬಿತು. ಮುಖ್ಯ ಪಾತ್ರಧಾರಿ ಹಗಲೆಲ್ಲ ಧಾರಾವಾಹಿಯ ಸೆಟ್ಟಿನಲ್ಲಿ, ಸಂಜೆ ರಂಗದ ಮೇಲೆ. ಚಪ್ಪಾಳೆ ಅವರಿಗೆ ಸಂದಿದೆ, ಸಲ್ಲಬೇಕಾದ್ದೇ. ಎರಡೂ ಕಡೆ ಅವರನ್ನು ನಿಲ್ಲಿಸಿದವರಿಗೆ ಈ ಬರಹ.

ಮೊದಲು, ಮರೆತ ಮಾತನ್ನು ಮರೆಯಿಂದ ನೆನಪಿಸುವ ಪ್ರಾಂಪ್ಟರ್ ಅವರಿಗೆ. ಬೇಕೆಂದೇ ಬಿಟ್ಟ ಮೌನ ಯಾವುದು, ಮಾತು ಮರೆತದ್ದು ಯಾವಾಗ ಎಂದು ಅವರಿಗೆ ತಕ್ಷಣ ಗೊತ್ತಾಗುತ್ತದೆ. ಮೌನದಲ್ಲಿ ನಟನ ನೋಟ ಎದುರಿನ ಪಾತ್ರದ ಮೇಲೇ ನೆಟ್ಟಿರುತ್ತದೆ; ಮರೆತಾಗ ಕಣ್ಣು ನೆಲಕ್ಕೋ ರಂಗದ ಪಕ್ಕದ ಮರೆಯಾದ ವಿಂಗಿಗೋ ಜಾರುತ್ತದೆ. ಆಗ ಮೊದಲ ಎರಡು ಪದ ಕೊಟ್ಟರೆ ಸಾಕು. ಅದನ್ನೂ ಪಿಸುಗುಟ್ಟಬಾರದು, ತಗ್ಗಿದ ದನಿಯಲ್ಲಿ ಹೇಳಬೇಕು. ಪಿಸುಮಾತಿನಲ್ಲಿ 'ಸ್' 'ಷ್' ಮಾತ್ರ ಪ್ರೇಕ್ಷಕರತ್ತ ಹೋಗುತ್ತವೆ, ನಟನಿಗೆ ಪದ ಸಿಗುವುದಿಲ್ಲ.

ಬಣ್ಣ ಹಚ್ಚಿದವರಿಗೆ ಎಷ್ಟು ಹೇಳಿದರೂ ಕಡಿಮೆಯೇ. ಧಾರಾವಾಹಿಯ ಮೇಕಪ್ಪಿನಲ್ಲೇ ರಂಗಕ್ಕೆ ಬಂದರೆ ಹಿಂದಿನ ಸಾಲಿಗೆ ಮುಖ ಸಪಾಟಾಗಿ ಕಾಣುತ್ತದೆ. ರಂಗದ ಸುಕ್ಕುಗೆರೆ ಕ್ಲೋಸಪ್ಪಿನಲ್ಲಿ ಬರೀ ಪೆನ್ಸಿಲ್ ಗೆರೆ. ಹಾಗಾಗಿ ಪ್ರತಿ ಸಂಜೆ ಪೂರ್ತಿ ಒರೆಸಿ ಹೊಸದಾಗಿ ಶುರುಮಾಡಿದರು. ಮೀಸೆಯದ್ದಂತೂ ತಾಳ್ಮೆಯ ಕೆಲಸ. ಚರ್ಮದ ಎಣ್ಣೆ ಒರೆಸಿ, ಸ್ಪಿರಿಟ್ ಗಮ್ ಎಂಬ ಅಂಟನ್ನು ತೆಳ್ಳಗೆ ಸವರಿ, ಬೆರಳ ತುದಿಗೆ ಜಿಗುಟು ಬರುವವರೆಗೆ ತಟ್ಟಿ, ಆಮೇಲೆ ಮೀಸೆ ಇಟ್ಟು ಒದ್ದೆ ಬಟ್ಟೆಯಿಂದ ಒತ್ತಬೇಕು. ಹಸಿಯಿರುವಾಗಲೇ ಒತ್ತಿದರೆ ಬೆವರು ಬಂದೊಡನೆ ತುದಿ ಎದ್ದುಬಿಡುತ್ತದೆ, ಅದೂ ಬಾಯಿಯ ಮೂಲೆಯಲ್ಲೇ.

ಹ್ಯಾಲೊಜೆನ್ ದೀಪಗಳಿದ್ದಾಗ ಕೆನ್ನೆಗೆ ಕಾವು ತಾಕಿದರೆ ಬೆಳಕಿನ ನಟ್ಟನಡುವೆ ಇದ್ದೇವೆಂದು ನಟನಿಗೆ ತಿಳಿಯುತ್ತಿತ್ತು. ಎಲ್‌ಇಡಿಯಲ್ಲಿ ಆ ಸುಳಿವಿಲ್ಲ. ಅದಕ್ಕೇ ಬೆಳಕಿನವರು ನೆಲದ ಮೇಲೆ ಹೊಳೆಯುವ ಟೇಪಿನ ತುಂಡು ಅಂಟಿಸಿ, ಪ್ರತಿ ಆಟಕ್ಕೆ ಮುಂಚೆ ಅದರ ಮೇಲೆ ಬೆಳಕು ಹಾಯಿಸಿದರು. ಬೆಳಕು ಕುಡಿಯದ ಟೇಪು ಕತ್ತಲಲ್ಲಿ ಹೊಳೆಯುವುದಿಲ್ಲ.

ಸೆಟ್ಟಿನಲ್ಲಿ ಕಂಟಿನ್ಯುಟಿ, ಅಂದರೆ ಒಂದು ಶಾಟಿಗೂ ಇನ್ನೊಂದಕ್ಕೂ ಹೊಂದಿಕೆ, ನೋಡಿದವರಿಗೂ ನಾವು ಋಣಿಗಳು. ರಂಗನಟರಿಗೆ ಪ್ರತಿ ಸಲ ಮಾತನ್ನು ಹೊಸದಾಗಿ ಆಡುವ ಅಭ್ಯಾಸ. ಧಾರಾವಾಹಿಯಲ್ಲಿ ಅದೇ ಮಾತನ್ನು ವೈಡ್ ಶಾಟಿನಲ್ಲಿ, ಕ್ಲೋಸಪ್ಪಿನಲ್ಲಿ, ಎದುರಿನವರ ಭುಜದ ಮೇಲಿಂದ ತೆಗೆಯುತ್ತಾರೆ. ಲೋಟ ಯಾವ ಕೈಯಲ್ಲಿತ್ತು, ಯಾವ ಪದಕ್ಕೆ ಕೆಳಗಿಟ್ಟರು ಎಂದು ಬರೆದಿಡದಿದ್ದರೆ ಎಡಿಟಿಂಗಿನಲ್ಲಿ ಲೋಟ ಕೈಯಿಂದ ಕೈಗೆ ನೆಗೆಯುತ್ತದೆ. ಸೌಂಡಿನವರು ರೆಕಾರ್ಡಿಂಗಿನ ಲೆವೆಲ್ ನೋಡುವಾಗ ಮೆಲುಮಾತು ಕೇಳಲಿಲ್ಲ, ದೃಶ್ಯದ ಅತಿ ಜೋರಿನ ಸಾಲನ್ನೇ ಆಡಿಸಿದರು. ರಂಗದ ಗಂಟಲು ಒಮ್ಮೆ ಏರಿದರೆ ರೆಕಾರ್ಡಿಂಗಿನಲ್ಲಿ ಧ್ವನಿ ಒಡೆಯುತ್ತದೆಂದು ಅವರಿಗೆ ಗೊತ್ತಿತ್ತು.

ಕೊನೆಗೆ ಶೆಡ್ಯೂಲ್ ಹಾಕಿದವರಿಗೆ. ಕೂಗುವ, ಅಳುವ ದೃಶ್ಯಗಳನ್ನೆಲ್ಲ ನಾಟಕವಿಲ್ಲದ ದಿನಗಳಿಗೇ ಹೊಂದಿಸಿದಿರಿ. ಹಗಲು ಕೂಗಿ ಬಾತ ಸ್ವರತಂತು ಸಂಜೆಯೊಳಗೆ ಇಳಿಯುವುದಿಲ್ಲ. ಗಂಟಲು ಕಟ್ಟಿತೆಂದು ನೂರರಲ್ಲಿ ಒಂದು ಪ್ರದರ್ಶನವೂ ನಿಲ್ಲಲಿಲ್ಲ.