ಬೆಲ್ಟ್ ಬದಲಿಸುವ ಮೊದಲು ಸದ್ದು ಎಲ್ಲಿಂದ ಅಂತ ನೋಡಿ

ಮಾನ್ಯ ಸಂಪಾದಕರೇ,

ಚೈನಿನ ಬದಲು ಹಲ್ಲಿನ ಬೆಲ್ಟ್ ಹಿಂದಿನ ಚಕ್ರ ತಿರುಗಿಸುವ ಬ್ಯಾಟರಿ ಬೈಕು, ಸ್ಕೂಟರ್‌ಗಳು ಈಗ ನಮ್ಮ ಊರಿನಲ್ಲೂ ಓಡಾಡುತ್ತಿವೆ. ಜೊತೆಗೇ ಒಂದು ದೂರೂ ಕೇಳಿಬರುತ್ತಿದೆ: ಹಿಂದಿನ ಚಕ್ರದ ಹತ್ತಿರ ಕಿರ್ ಕಿರ್ ಸದ್ದು. ಎಂಜಿನ್ ಗದ್ದಲ ಇಲ್ಲದ ಗಾಡಿ, ಹಾಗಾಗಿ ಸಣ್ಣ ಸದ್ದೂ ಕಿವಿಗೆ ಬೀಳುತ್ತದೆ. ಸರ್ವಿಸ್‌ಗೆ ಬಿಟ್ಟರೆ ‘ಬೆಲ್ಟ್ ಹೋಗಿದೆ, ಹೊಸದು ಹಾಕಬೇಕು’ ಅನ್ನುತ್ತಾರೆ. ಕಾರಣ ಹುಡುಕದೆ ಬೆಲ್ಟ್ ಬದಲಿಸುವ ಈ ಪದ್ಧತಿ ನಿಲ್ಲಬೇಕು.

ನಾನು ಹೊಸಪೇಟೆಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತೇನೆ. ಬೆಲ್ಟು, ಬೆಲ್ಟ್ ಸುತ್ತುವ ಪುಲ್ಲಿ, ಬೇರಿಂಗ್‌ಗಳ ನಡುವೆಯೇ ನನ್ನ ದಿನ ಕಳೆಯುತ್ತದೆ. ಗಿರಣಿಯಲ್ಲಿ ಬೆಲ್ಟ್ ಕೂಗಿದರೆ ಮೊದಲು ದಾರ ಹಿಡಿದು ಎರಡೂ ಪುಲ್ಲಿ ಒಂದೇ ನೇರಕ್ಕೆ ಇವೆಯಾ ಅಂತ ನೋಡುತ್ತೇವೆ. ಬೈಕಿಗೂ ಅದೇ ನಿಯಮ.

ನನ್ನ ಮಗಳು ಬ್ಯಾಟರಿ ಬೈಕಿನಲ್ಲಿ ತೋರಣಗಲ್ಲು ಕಡೆ ಕೆಲಸಕ್ಕೆ ಹೋಗುತ್ತಾಳೆ. ಅದಿರು ಲಾರಿ ಓಡಾಡುವ ದಾರಿ, ಕೆಂಪು ಧೂಳು. ಪಂಕ್ಚರ್ ಹಾಕಿಸಲು ಹಿಂದಿನ ಚಕ್ರ ಬಿಚ್ಚಿ ಕೂರಿಸಿದ ಮೇಲೆ ಸದ್ದು ಶುರುವಾಯಿತು. ಸರ್ವಿಸ್ ಸೆಂಟರ್‌ನವರು ಬೆಲ್ಟ್ ಬದಲಿಸಿದರು, ದುಡ್ಡು ತೆಗೆದುಕೊಂಡರು. ಸ್ವಲ್ಪ ದಿನಕ್ಕೆ ಮತ್ತೆ ಅದೇ ಕಿರ್ ಕಿರ್. ಬಗ್ಗಿ ನೋಡಿದೆ. ಹೊಸ ಬೆಲ್ಟಿನ ಒಂದು ಅಂಚು ಮಾತ್ರ ಸವೆದು ಮಿಂಚುತ್ತಿತ್ತು, ಪುಲ್ಲಿಯ ಆ ಬದಿಯಲ್ಲಿ ಕಪ್ಪು ಪುಡಿ ಕೂತಿತ್ತು. ಚಕ್ರ ಒಂದು ಕಡೆಗೆ ವಾಲಿ ಕೂತಿತ್ತು, ಅಷ್ಟೇ. ಚಕ್ರವನ್ನು ಹಿಂದೆ ಮುಂದೆ ಸರಿಸುವ ಎಡ ಬಲದ ಅಡ್ಜಸ್ಟರ್ ಸಮ ಮಾಡಿ, ಆಕ್ಸಲ್ ನಟ್ ಸರಿಯಾಗಿ ಬಿಗಿಸಿದ ಮೇಲೆ ಸದ್ದು ಹೋಯಿತು. ಬೆಲ್ಟ್ ಪುಲ್ಲಿಯ ಅಂಚಿಗೆ ತುಸು ತಾಗಿದರೆ ಚಿಂತೆ ಇಲ್ಲ. ಒತ್ತಿಕೊಂಡು ಓಡಿದರೆ ಮಾತ್ರ ಕೂಗುತ್ತದೆ, ಸವೆಯುತ್ತದೆ.

ಮನೆಯಲ್ಲೇ ನೋಡಬಹುದಾದ ಕೆಲವು ಸಂಗತಿ ಹೇಳುತ್ತೇನೆ. ಗಾಡಿ ಪೂರ್ತಿ ಆಫ್ ಮಾಡಿ, ಹಿಂದಿನ ಚಕ್ರ ನೆಲ ಬಿಟ್ಟು ನಿಲ್ಲುವಂತೆ ಸ್ಟ್ಯಾಂಡ್ ಹಾಕಿ. ಚಕ್ರವನ್ನು ಕೈಯಿಂದಲೇ ತಿರುಗಿಸಿ. ಮೋಟರ್‌ನಿಂದ ಓಡಿಸುತ್ತಾ ಬೆಲ್ಟಿನ ಹತ್ತಿರ ಯಾರೂ ಕೈ ಹಾಕಬೇಡಿ, ಬೆರಳು ಹೋಗುತ್ತದೆ. ಬೆಲ್ಟಿನ ಮೇಲೊಂದು, ಟೈರಿನ ಮೇಲೊಂದು ಸುಣ್ಣದಕಡ್ಡಿ ಗುರುತು ಹಾಕಿ. ಬೆಲ್ಟ್ ಒಂದು ಸುತ್ತು ಬರುವಷ್ಟರಲ್ಲಿ ಚಕ್ರ ಒಂದಕ್ಕಿಂತ ಜಾಸ್ತಿ ತಿರುಗಿರುತ್ತದೆ. ಟಕ್ ಅನ್ನುವ ಸದ್ದು ಟೈರಿನ ಗುರುತಿನ ಜೊತೆ ಬಂದರೆ ಹಿಂದಿನ ಪುಲ್ಲಿಯ ಹಲ್ಲಲ್ಲಿ ಕಲ್ಲು ಸಿಕ್ಕಿರಬಹುದು, ಇಲ್ಲವೇ ಚಕ್ರದಲ್ಲೇ ಏನೋ ಇದೆ. ಬೆಲ್ಟಿನ ಗುರುತಿನ ಜೊತೆ ಬಂದರೆ ಬೆಲ್ಟಿನ ಹಲ್ಲನ್ನೇ ನೋಡಿ: ಬಿರುಕು, ಮುರಿದ ಹಲ್ಲು, ಕಲ್ಲು ಚುಚ್ಚಿದ ತೂತು. ಇಂಥ ಬೆಲ್ಟ್ ನಿಜವಾಗಿಯೂ ಬದಲಿಸಬೇಕು.

ಕಿರ್ ಅನ್ನುವ ಸದ್ದಾದರೆ ಬೆಲ್ಟಿಗೆ ಸ್ವಲ್ಪ ನೀರು ಚಿಮುಕಿಸಿ. ಸದ್ದು ನಿಂತು, ಒಣಗಿದ ಕೂಡಲೇ ಮತ್ತೆ ಬಂದರೆ ನೇರ ಅಥವಾ ಬಿಗಿ ತಪ್ಪಿದೆ ಅಂತ ಅನುಮಾನಿಸಿ. ಸಾಬೂನು ನೀರಲ್ಲಿ ಬ್ರಷ್‌ನಿಂದ ತೊಳೆದ ಮೇಲೆ ಮುಂದಿನ ಧೂಳಿನವರೆಗೂ ಸದ್ದಿಲ್ಲದಿದ್ದರೆ ಅದು ಬರೀ ಧೂಳು. ಸಂಡೂರು ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೀರಿಗೆ ಜಗ್ಗದಿದ್ದರೆ ಬೇರಿಂಗ್, ಬ್ರೇಕ್ ನೋಡಿ.

ಚೈನಿನ ಅಭ್ಯಾಸದಲ್ಲಿ ಬೆಲ್ಟಿಗೆ ಎಣ್ಣೆ, ಗ್ರೀಸ್ ಹಚ್ಚುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಧೂಳು ಇನ್ನೂ ಜಾಸ್ತಿ ಅಂಟುತ್ತದೆ, ರಬ್ಬರ್ ಕೆಡುತ್ತದೆ.

ಇನ್ನು ಬಿಗಿ. ಸಡಿಲಾದರೆ ಜೋರಾಗಿ ಎಳೆದಾಗ ಬೆಲ್ಟ್ ಪುಲ್ಲಿಯ ಹಲ್ಲು ದಾಟಿ ಜಿಗಿದು ಟಕಟಕ ಅನ್ನುತ್ತದೆ. ಅತಿ ಬಿಗಿಯಾದರೆ ವೇಗದ ಜೊತೆ ಗುಂಯ್ ಅನ್ನುವ ಸದ್ದು ಏರುತ್ತದೆ, ಬೇರಿಂಗ್ ಬೇಗ ಹಾಳಾಗುತ್ತದೆ. ಇದನ್ನು ಬೆರಳಲ್ಲಿ ಒತ್ತಿ ‘ಸರಿ ಇದೆ’ ಅಂದರೆ ಸಾಲದು. ಬೆಲ್ಟಿನ ಬೈಕು ಹೊಸದೇನಲ್ಲ, ಅಮೆರಿಕದ ಹಾರ್ಲೆ-ಡೇವಿಡ್ಸನ್ ಕಂಪನಿ 1980ರ ಸ್ಟರ್ಜಿಸ್ ಬೈಕಿನಲ್ಲೇ ಹಲ್ಲಿನ ಬೆಲ್ಟ್ ಕೊಟ್ಟಿತ್ತು. ಆ ಕಂಪನಿಯ ಬೈಕುಗಳಲ್ಲಿ ಬೆಲ್ಟಿನ ನಡುಭಾಗಕ್ಕೆ ಸುಮಾರು 4.5 ಕಿಲೋ ಬಲ ಹಾಕಿ, ಎಷ್ಟು ಬಾಗುತ್ತದೆ ಅಂತ ಗೇಜ್‌ನಲ್ಲಿ ಅಳೆಯುತ್ತಾರೆ. ಚಕ್ರ ತಿರುಗಿಸುತ್ತಾ ನಾಲ್ಕಾರು ಕಡೆ ನೋಡಿ, ಅತಿ ಬಿಗಿ ಇರುವ ಜಾಗದ ಲೆಕ್ಕ ಹಿಡಿಯಬೇಕು. ಪ್ರತಿ ಗಾಡಿಗೂ ಅಳತೆ ಬೇರೆ, ಅದು ಕಂಪನಿಯ ಪುಸ್ತಕದಲ್ಲಿರುತ್ತದೆ. ಮೆಕ್ಯಾನಿಕ್ ಹುಡುಗರನ್ನು ನಾನು ಬೈಯುತ್ತಿಲ್ಲ. ಅವರ ಕೈಗೆ ಗೇಜ್ ಕೊಡದೆ, ದಿನಕ್ಕೆ ಇಷ್ಟು ಗಾಡಿ ಮುಗಿಸಿ ಅಂದರೆ ಅವರಾದರೂ ಏನು ಮಾಡಿಯಾರು?

ಹಾಗಾಗಿ ಗಾಡಿ ಮಾರುವ ಕಂಪನಿಗಳಿಗೆ ನನ್ನ ಕೋರಿಕೆ ಇಷ್ಟು. ಬೆಲ್ಟ್ ಬದಲಿಸುವ ಮೊದಲು ಅದರ ಬಿಗಿ ಮತ್ತು ನೇರ ಅಳೆದು, ಆ ಅಂಕಿಯನ್ನು ಜಾಬ್ ಕಾರ್ಡ್‌ನಲ್ಲಿ ಬರೆಯಿರಿ. ಬದಲಿಸಿದ ಕಾರಣವನ್ನೂ ಬರೆಯಿರಿ. ಗಾಡಿಯ ಪುಸ್ತಕದಲ್ಲಿ ಬೆಲ್ಟಿನ ಬಗ್ಗೆ ಒಂದು ಪುಟವಾದರೂ ಕನ್ನಡದಲ್ಲಿ ಇರಲಿ. ತೆಗೆದ ಹಳೇ ಬೆಲ್ಟನ್ನು ಗ್ರಾಹಕರ ಕೈಗೆ ಕೊಡಿ, ಅದರ ಹಲ್ಲು, ಅಂಚು ಅವರೂ ನೋಡಲಿ.

— ಹಿಟ್ಟಿನ ಗಿರಣಿ ನಡೆಸುವ ಓದುಗ, ಹೊಸಪೇಟೆ